ಸಮೀಕ್ಷೆಗೆ ಮುನ್ನ ಪ್ರಶ್ನೆಯ ಪರೀಕ್ಷೆ



1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನಮ್ಮ ಜಿಲ್ಲೆಯನ್ನು ಇಂದಿಗೂ ಬಿಟ್ಟಿಲ್ಲ. ಅಪಾಯ ಯಾರಿಗಿದೆ ಎಂದು ತಿಳಿಯಲು ಮನೆಮನೆ ಸಮೀಕ್ಷೆ ಅಗತ್ಯ. ಆದರೆ ಪ್ರಶ್ನೆಯೇ ತಪ್ಪಾಗಿ ಅರ್ಥವಾದರೆ ಉತ್ತರದಿಂದ ಪ್ರಯೋಜನವಿಲ್ಲ.

“ನೀವು ಕಾಡಿಗೆ ಹೋಗುತ್ತೀರಾ?” ಎಂದು ಕೇಳಿದರೆ, ಸೊಪ್ಪಿನಬೆಟ್ಟದಿಂದ ತರಗೆಲೆ ತರುವವರು ಅದನ್ನು ಕಾಡೆಂದು ಎಣಿಸದೆ “ಇಲ್ಲ” ಎನ್ನಬಹುದು. “ಉಣ್ಣೆ ಕಚ್ಚಿದೆಯೇ?” ಎಂದರೆ ಕೆಲವರಿಗೆ ಕಂಬಳಿಯ ಉಣ್ಣೆ ನೆನಪಾದೀತು, “ಉಣುಗು” ಎಂದರೆ ಗೊಂದಲವಿಲ್ಲ. ಇಂತಹ ಒಂದು “ಇಲ್ಲ”ದಿಂದ ಆ ಮನೆಯು ಉಣುಗು ನಿವಾರಕ ತೈಲದ ಪಟ್ಟಿಯಿಂದಲೇ ಬಿಟ್ಟುಹೋದೀತು.

ಇದನ್ನು ತಡೆಯುವ ವಿಧಾನವೇ ಅರಿವಿನ ಸಂದರ್ಶನ. ಸಮೀಕ್ಷೆಗೆ ಮುನ್ನ ಸುಮಾರು ಹತ್ತು ಮಂದಿಯೊಂದಿಗೆ ಒಬ್ಬೊಬ್ಬರಾಗಿ ಕುಳಿತು, ಪ್ರತಿ ಪ್ರಶ್ನೆಯಲ್ಲೂ ನಾಲ್ಕು ಅಂಶಗಳನ್ನು ಗಮನಿಸಬೇಕು:

1. ಅರ್ಥ: ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ಹೇಳಬಲ್ಲರೇ?
2. ನೆನಪು: “ಕಳೆದ 30 ದಿನ” ಎಂದಾಗ ಯಾವ ದಿನದಿಂದ ಎಣಿಸಿದರು?
3. ನಿರ್ಧಾರ: ಯಾವುದನ್ನು ಲೆಕ್ಕಕ್ಕೆ ಹಿಡಿದರು, ಯಾವುದನ್ನು ಬಿಟ್ಟರು?
4. ಉತ್ತರ: ಕೊಟ್ಟ ಆಯ್ಕೆಗಳಲ್ಲಿ ಅವರ ಉತ್ತರವಿದೆಯೇ? ಹೇಳಲು ಸಂಕೋಚವೋ ಭಯವೋ ಇದೆಯೇ?

ತೊಡಕಿನ ಪ್ರಶ್ನೆಯನ್ನು ತಿದ್ದಿ, ಬೇರೆಯವರಲ್ಲಿ ಮತ್ತೆ ಕೇಳಬೇಕು. ಶಿವಮೊಗ್ಗ ನಗರದಲ್ಲಿ ಸರಿಯೆನಿಸಿದ ಪ್ರಶ್ನೆಯನ್ನು, ತಮಿಳು, ತೆಲುಗು, ಉರ್ದು ಮನೆಮಾತಿನವರೂ ಇರುವ ಭದ್ರಾವತಿ ಭಾಗದಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಸಮೀಕ್ಷಾ ನಮೂನೆ ಗ್ರಾಮಕ್ಕೆ ಬಂದಾಗ ಸದಸ್ಯರು ಆಶಾ ಕಾರ್ಯಕರ್ತೆಯರೊಂದಿಗೆ ತಮ್ಮ ವಾರ್ಡಿನಲ್ಲಿ ಹೀಗೆ ಪರೀಕ್ಷಿಸಿ, ಕಂಡುಬಂದ ತೊಡಕುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಲು ಕೋರಿದೆ.

– ಪಂಚಾಯತ್ ಅಭಿವೃದ್ಧಿ ಅಧಿಕಾರಿ