ಹಂದಿಮರಿಗಳ ಭೇದಿ ತಡೆಗೆ ಕರುಳಿನ ಉಪಕಾರಿ ಬ್ಯಾಕ್ಟೀರಿಯಾ

ಒಂದು ಸೂಲಿನಲ್ಲಿ ಎಷ್ಟು ಮರಿಗಳು ಬದುಕಿ ಉಳಿಯುತ್ತವೆ ಎಂಬುದರ ಮೇಲೆ ಹಂದಿ ಸಾಕಣೆಯ ಲಾಭ ನಿಂತಿದೆ. ಮರಿಗಳ ಸಾವಿಗೆ ಮುಖ್ಯ ಕಾರಣಗಳಲ್ಲಿ ಭೇದಿಯೂ ಒಂದು. ಹುಟ್ಟಿದ ಮೊದಲ ವಾರದಲ್ಲಿ ಮತ್ತು ಹಾಲು ಬಿಡಿಸಿದ ನಂತರದ ಒಂದೆರಡು ವಾರಗಳಲ್ಲಿ ಇದರ ಹಾವಳಿ ಹೆಚ್ಚು.

ರೋಗ ಬರುವ ಬಗೆ

ಈ ಭೇದಿಗೆ ಅನೇಕ ವೇಳೆ ‘ಈ. ಕೋಲಿ’ ಎಂಬ ಬ್ಯಾಕ್ಟೀರಿಯಾದ ಕೆಲವು ಅಪಾಯಕಾರಿ ಬಗೆಗಳು ಕಾರಣ. ಇವು ತಮ್ಮ ಮೈಮೇಲಿನ ಸೂಕ್ಷ್ಮ ಎಳೆಗಳಿಂದ ಸಣ್ಣ ಕರುಳಿನ ಒಳಗೋಡೆಗೆ ಅಂಟಿಕೊಂಡು ವಿಷವಸ್ತುವನ್ನು ಉತ್ಪತ್ತಿ ಮಾಡುತ್ತವೆ. ಆಗ ಮೈಯಲ್ಲಿನ ನೀರು ಮತ್ತು ಲವಣಗಳು ಕರುಳಿಗೆ ಇಳಿದು ಹೊರಹೋಗುತ್ತವೆ. ಎಳೆಯ ಮರಿ ಬಹುಬೇಗ ನಿತ್ರಾಣಗೊಂಡು ಸಾಯಬಹುದು.

ರಕ್ಷಣೆಯ ತತ್ವ

ಬೆಳೆ ದಟ್ಟವಾಗಿ ಬಂದ ಹೊಲದಲ್ಲಿ ಕಳೆಗೆ ಎಡೆ ಸಿಗುವುದು ಕಡಿಮೆ. ಕರುಳಿನಲ್ಲಿಯೂ ಹೀಗೆಯೇ. ಉಪಕಾರಿ ಬ್ಯಾಕ್ಟೀರಿಯಾಗಳು ಮೊದಲೇ ನೆಲೆಸಿದರೆ ಜಾಗವನ್ನೂ ಆಹಾರವನ್ನೂ ತಾವೇ ಬಳಸಿಕೊಳ್ಳುತ್ತವೆ. ಲ್ಯಾಕ್ಟಿಕ್ ಆಮ್ಲ ಮುಂತಾದವನ್ನು ತಯಾರಿಸಿ ರೋಗಾಣುಗಳ ಬೆಳವಣಿಗೆಗೆ ಅಡ್ಡಿಪಡಿಸುತ್ತವೆ.

ದೊಡ್ಡ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಎಳೆಯ ಕೋಳಿಮರಿಗಳಿಗೆ ಕೊಟ್ಟರೆ ಸಾಲ್ಮೊನೆಲ್ಲಾ ಸೋಂಕನ್ನು ತಡೆಯಬಹುದೆಂದು ಫಿನ್ಲೆಂಡಿನ ನುರ್ಮಿ ಮತ್ತು ರಾಂಟಾಲ 1973ರಲ್ಲಿ ತೋರಿಸಿದರು. ಇದೇ ತತ್ವವನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಟೆಕ್ಸಾಸ್ ರಾಜ್ಯದಲ್ಲಿ ಹಂದಿಗಳ ಮೇಲೆ ಪ್ರಯೋಗಿಸಿದರು. ಹಂದಿಯ ಕರುಳಿನಿಂದ ಪಡೆದು ಬೆಳೆಸಿದ ಬ್ಯಾಕ್ಟೀರಿಯಾ ಮಿಶ್ರಣವನ್ನು ಹುಟ್ಟಿದ ಮೊದಲ ದಿನವೇ ಕುಡಿಸಿದ ಮರಿಗಳಲ್ಲಿ ಈ. ಕೋಲಿ ಸೋಂಕಿನ ಸಾವು ಕಡಿಮೆಯಾಯಿತು.

ಬಳಸುವ ಕ್ರಮ

1. ಲ್ಯಾಕ್ಟೋಬ್ಯಾಸಿಲಸ್, ಎಂಟರೋಕಾಕಸ್, ಬ್ಯಾಸಿಲಸ್ ಜಾತಿಗಳ ತಯಾರಿಕೆಗಳು ಪ್ರೋಬಯಾಟಿಕ್ ಎಂಬ ಹೆಸರಿನಲ್ಲಿ ದೊರೆಯುತ್ತವೆ. ಎಲ್ಲವೂ ಒಂದೇ ಗುಣದವಲ್ಲ. ಹಂದಿಗಳಿಗೆಂದೇ ತಯಾರಾದುದನ್ನು ಪಶುವೈದ್ಯರ ಸಲಹೆಯಂತೆ ಆರಿಸಬೇಕು.

2. ಭೇದಿ ಕಾಣಿಸಿಕೊಳ್ಳುವ ಮೊದಲೇ ಕೊಡಬೇಕು. ಇದು ರೋಗ ತಡೆಯುವ ಕ್ರಮ, ಚಿಕಿತ್ಸೆಯಲ್ಲ. ಹಾಲು ಬಿಡಿಸುವುದಕ್ಕೆ ಕೆಲವು ದಿನ ಮುಂಚಿನಿಂದಲೇ ಆಹಾರದಲ್ಲಿ ಬೆರೆಸುವುದು ಒಳ್ಳೆಯದು.

3. ಬಿಸಿ ನೀರಿನಲ್ಲಿ ಕಲಸಬಾರದು, ಲ್ಯಾಕ್ಟೋಬ್ಯಾಸಿಲಸ್‌ನಂಥವು ಸಾಯುತ್ತವೆ. ಡಬ್ಬಿಯ ಮೇಲಿನ ಅವಧಿಯನ್ನು ನೋಡಿ, ತಂಪಾದ ಒಣ ಜಾಗದಲ್ಲಿ ಇಡಬೇಕು.

4. ಆಂಟಿಬಯಾಟಿಕ್ ಔಷಧಿಯು ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಲ್ಲದು. ಎರಡನ್ನೂ ಒಟ್ಟಿಗೆ ಕೊಡುವ ಮುನ್ನ ಪಶುವೈದ್ಯರನ್ನು ಕೇಳಬೇಕು.

5. ಮೊಸರು, ಮಜ್ಜಿಗೆ ಇವಕ್ಕೆ ಬದಲಿಯಾಗಲಾರವು. ಅವುಗಳಲ್ಲಿನ ಬ್ಯಾಕ್ಟೀರಿಯಾಗಳು ಹಂದಿಯ ಕರುಳಿನಲ್ಲಿ ನೆಲೆಸುವುದು ಕಡಿಮೆ.

ಆಂಟಿಬಯಾಟಿಕ್ ಬಗೆಗೆ ಎಚ್ಚರ

ರೋಗವಿಲ್ಲದಿದ್ದರೂ ಆಹಾರದಲ್ಲಿ ಆಂಟಿಬಯಾಟಿಕ್ ಬೆರೆಸುತ್ತಿದ್ದರೆ ಔಷಧಿಗೆ ಬಗ್ಗದ ರೋಗಾಣುಗಳು ಹುಟ್ಟಿಕೊಳ್ಳುತ್ತವೆ. ಆಮೇಲೆ ನಿಜವಾಗಿ ರೋಗ ಬಂದಾಗ ಮದ್ದು ನಾಟುವುದಿಲ್ಲ. ಮನುಷ್ಯರಿಗೂ ಇದು ಅಪಾಯ. ಬೆಳವಣಿಗೆಗಾಗಿ ಹೀಗೆ ಬೆರೆಸುವುದನ್ನು ಯೂರೋಪಿನ ಒಕ್ಕೂಟವು 2006ರಿಂದ ನಿಲ್ಲಿಸಿದೆ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಔಷಧಿಯ ಬಳಕೆಯನ್ನು ಭಾರತ ಸರ್ಕಾರವು 2019ರಲ್ಲಿ ನಿಷೇಧಿಸಿತು.

ಮರೆಯಬಾರದ ಸಂಗತಿಗಳು

ಉಪಕಾರಿ ಬ್ಯಾಕ್ಟೀರಿಯಾ ಕೊಟ್ಟ ಮಾತ್ರಕ್ಕೆ ಸಾಕಣೆಯ ಇತರ ಕೆಲಸಗಳನ್ನು ಬಿಡುವಂತಿಲ್ಲ. ಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಹೊಟ್ಟೆ ತುಂಬ ಗಿಣ್ಣು ಹಾಲು ಕುಡಿಯಬೇಕು. ಅದರಲ್ಲಿನ ರೋಗನಿರೋಧಕ ಅಂಶಗಳನ್ನು ಕರುಳು ಹೀರಿಕೊಳ್ಳುವುದು ಸುಮಾರು ಮೊದಲ 24 ಗಂಟೆಗಳಲ್ಲಿ ಮಾತ್ರ. ನೆಲ ಒಣಗಿರಬೇಕು, ಮಲಗುವ ಜಾಗ ಬೆಚ್ಚಗಿರಬೇಕು, ತಾಯಿ ಹಂದಿಯ ಮೊಲೆಗಳನ್ನು ತೊಳೆದಿರಬೇಕು. ಭೇದಿ ಶುರುವಾದ ಮರಿಗೆ ಉಪ್ಪು ಸಕ್ಕರೆ ಬೆರೆಸಿದ ಜೀವಜಲವನ್ನು ಕುಡಿಸುತ್ತ ಕೂಡಲೇ ಪಶುವೈದ್ಯರಿಗೆ ತೋರಿಸಬೇಕು. ಈ ಕೆಲಸಗಳ ಜೊತೆಗೂಡಿದಾಗಲೇ ಉಪಕಾರಿ ಬ್ಯಾಕ್ಟೀರಿಯಾಗಳಿಂದ ಪೂರ್ಣ ಪ್ರಯೋಜನ ದೊರೆಯುತ್ತದೆ.