ಗೋಕರ್ಣದ ಕೊನೆಯ ಹತ್ತು ಕಿಲೋಮೀಟರ್

ಚಾರಣದ ತಂಡಗಳನ್ನು, ರಜೆಯಲ್ಲಿ ಶಾಲಾ ಮಕ್ಕಳನ್ನು ಗೋಕರ್ಣಕ್ಕೆ ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಕರಾವಳಿಯ ಹೆದ್ದಾರಿ ಮುಟ್ಟುವುದು ಯಾರಿಗೂ ದೊಡ್ಡ ಕಷ್ಟವಲ್ಲ. ಜನ ಒದ್ದಾಡುವುದು ಹೆದ್ದಾರಿಯಿಂದ ಸಮುದ್ರದವರೆಗಿನ ದಾರಿಯಲ್ಲಿ, ಆಮೇಲೆ ಊರೊಳಗೆ. ಆದ್ದರಿಂದ ಪ್ರಯಾಣದ ಲೆಕ್ಕಾಚಾರವನ್ನು ಆ ತುದಿಯಿಂದಲೇ ಶುರು ಮಾಡಬೇಕು.

1. ರೈಲು ನಿಮ್ಮನ್ನು ಇಳಿಸುವುದು ಊರಿನಲ್ಲಲ್ಲ. ಗೋಕರ್ಣ ರೋಡ್ ನಿಲ್ದಾಣ ಇರುವುದು ಊರಿನಿಂದ ಸುಮಾರು 10 ಕಿ.ಮೀ. ದೂರದಲ್ಲಿ, ಮಾದನಗೇರಿಯ ಕಡೆಗೆ. ಬೆಂಗಳೂರಿನಿಂದ ಬರುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ರಾತ್ರಿ ಸಕಲೇಶಪುರ, ಸುಬ್ರಹ್ಮಣ್ಯದ ಘಾಟಿ ಇಳಿದು ಬೆಳಿಗ್ಗೆ ತಲುಪಿಸುತ್ತದೆ. ಹೊರಗೆ ರಿಕ್ಷಾಗಳಿರುತ್ತವೆ. ಬಾಡಿಗೆ ಕೇಳಿಕೊಂಡೇ ಹತ್ತಿ, ಅದೇ ರೈಲಿನಿಂದ ಇಳಿದ ಇನ್ನಿಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ರಿಕ್ಷಾ ಬೇಡವೆಂದರೆ ಹೆದ್ದಾರಿಯ ಮಾದನಗೇರಿ ಕ್ರಾಸಿಗೆ ಬಂದು ನಿಂತರೆ ಗೋಕರ್ಣದ ಬಸ್ಸು ಸಿಗುತ್ತದೆ.

2. ನೇರ ಟಿಕೆಟ್ ಸಿಗಲಿಲ್ಲವೆಂದು ಪ್ರವಾಸ ಕೈಬಿಡಬೇಡಿ. ಕುಮಟಾ, ಅಂಕೋಲಾ ಎರಡೂ ಕಡೆಯಿಂದ ಗೋಕರ್ಣಕ್ಕೆ ವಾಯವ್ಯ ಸಾರಿಗೆಯ ಬಸ್ಸುಗಳಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಈ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ಮಾತ್ರ ಕೈಯಲ್ಲಿರಲಿ.

3. ವಿಮಾನದಲ್ಲಿ ಗೋವಾಕ್ಕೆ ಬಂದು ಕೆಳಗಿಳಿಯುವವರು ಟಿಕೆಟ್ ತೆಗೆಯುವಾಗ ನಿಲ್ದಾಣದ ಹೆಸರು ನೋಡಿ. ದಾಬೋಲಿಂ ನಮ್ಮ ಕಡೆಗೆ ಹತ್ತಿರ. 2023ರಿಂದ ವಿಮಾನಗಳು ಓಡಾಡುತ್ತಿರುವ ಮೋಪಾ ಗೋವಾದ ಉತ್ತರದ ತುದಿಯಲ್ಲಿದೆ. ಅಲ್ಲಿಳಿದರೆ ಮಡಗಾಂವಿಗೆ ಬಂದು ರೈಲು ಹಿಡಿಯುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ.

4. ಮಳೆಗಾಲದಲ್ಲಿ ನಾನು ತಂಡ ಕರೆತರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು, ವಾಹನಗಳು ಗಂಗಾವಳಿ ನದಿಯ ಪಾಲಾದವು, ದಾರಿ ಎಷ್ಟೋ ದಿನ ಬಂದ್ ಆಗಿತ್ತು. ಗುಡ್ಡ ಕಡಿದು ಅಗಲ ಮಾಡಿದ ರಸ್ತೆ ಅದು. ಬಂದೇ ಬರುತ್ತೇನೆ ಎನ್ನುವವರು ರೈಲನ್ನು ನೆಚ್ಚಿಕೊಳ್ಳಿ. ಕೊಂಕಣ ರೈಲ್ವೆಗೆ ಮಳೆಗಾಲದ ಬೇರೆ ವೇಳಾಪಟ್ಟಿಯೇ ಇದೆ, ಗಾಡಿಗಳನ್ನು ನಿಧಾನ ಓಡಿಸುತ್ತಾರೆ. ಮುಂದಿನ ಗಾಡಿಗೆ ಹತ್ತುವುದಿದ್ದರೆ ನಡುವೆ ಧಾರಾಳ ಸಮಯ ಇಟ್ಟುಕೊಳ್ಳಿ.

5. ಕಾರನ್ನು ರಥಬೀದಿಗೆ ತರಬೇಡಿ. ಮಹಾಗಣಪತಿ, ಮಹಾಬಲೇಶ್ವರ ದೇವಸ್ಥಾನಗಳು, ಕೋಟಿತೀರ್ಥದ ಕೆರೆ ಎಲ್ಲವೂ ಬಸ್ ನಿಲ್ದಾಣದಿಂದ ನಡೆಯುವ ದೂರ. ಬೀದಿ ಇಕ್ಕಟ್ಟು, ಎರಡೂ ಕಡೆ ಹಳೆಯ ಜಗಲಿಮನೆಗಳು. ದಾರಿಬದಿಯಲ್ಲಿ ಕೊರಳ ತುಂಬ ಕರಿಮಣಿ ಸರ ಹಾಕಿದ ಹಾಲಕ್ಕಿ ಸಮುದಾಯದ ಹೆಂಗಸರು ಹರಿವೆ, ಬಸಳೆ, ಹೂವಿನ ದಂಡೆ ಹರವಿಕೊಂಡು ಕೂತಿರುತ್ತಾರೆ. ಅವರ ಬುಟ್ಟಿಯ ಮುಂದೆ ಹಾರ್ನ್ ಹೊಡೆಯುವ ಕಾರು ನೋಡಿದರೆ ನನಗೆ ಸಂಕಟವಾಗುತ್ತದೆ. ದೇವರ ದರ್ಶನಕ್ಕೆ ಗಂಡಸರು ಪಂಚೆ ಉಟ್ಟು, ಅಂಗಿ ತೆಗೆದು ಒಳಗೆ ಹೋಗಬೇಕು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಮುಗಿಸಿ. ಶಿವರಾತ್ರಿಯ ದಿನಗಳಲ್ಲಿ ಬರುವುದಾದರೆ ಜಾತ್ರೆಗೆಂದೇ ಬನ್ನಿ. ಆಗ ಬೀಚು ಸುತ್ತುವ ಯೋಚನೆ ಬೇಡ.

6. ಬೀಚುಗಳಿಗೆ ಕಾಲ್ನಡಿಗೆಯೇ ಸರಿಯಾದ ಸಾರಿಗೆ. ಊರ ಬೀಚಿನ ದಕ್ಷಿಣ ತುದಿಯಲ್ಲಿ ರಾಮತೀರ್ಥವಿದೆ. ಸಮುದ್ರದ ಅಂಚಿನಲ್ಲೇ ಸಿಹಿನೀರಿನ ಒರತೆ. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಮತ್ತೊಂದು ಗುಡ್ಡ ದಾಟಿದರೆ ಓಂ. ಓಂ ಬೀಚಿನವರೆಗೆ ರಿಕ್ಷಾ ಬರುತ್ತದೆ. ಅದರಾಚೆಯ ಹಾಫ್ ಮೂನ್, ಪ್ಯಾರಡೈಸ್‌ಗೆ ಕಾಲುದಾರಿ ಇಲ್ಲವೇ ದೋಣಿ. ಗುಡ್ಡದ ತಲೆಯೆಲ್ಲ ಚಿರೆಕಲ್ಲು, ಮೇಲೆ ಸಡಿಲ ಜಲ್ಲಿ. ಹವಾಯಿ ಚಪ್ಪಲಿ ಹಾಕಿದವರು ಇಳಿಜಾರಿನಲ್ಲಿ ಜಾರುತ್ತಾರೆ, ಅದೂ ಕಡಲಿನ ಕಡೆಯ ಬದಿಗೆ. ಹಿಂದೆ ಹಿಡಿತವಿರುವ ಚಪ್ಪಲಿ ಅಥವಾ ಶೂ, ತಲೆಗೆ ಟೊಪ್ಪಿ, ಒಬ್ಬರಿಗೆ ಎರಡು ಲೀಟರ್ ನೀರು ಇಲ್ಲದೆ ನನ್ನ ತಂಡದಲ್ಲಿ ಯಾರೂ ಹೊರಡುವಂತಿಲ್ಲ. ಬೆಳಿಗ್ಗೆ ಏಳಕ್ಕೆ ನಡೆಯಲು ತೊಡಗಿ, ಬಿಸಿಲೇರುವ ಮುಂಚೆ ಪ್ಯಾರಡೈಸ್ ಮುಟ್ಟಿ. ಸೂರ್ಯಾಸ್ತ ನೋಡಿಕೊಂಡು ಗುಡ್ಡದ ದಾರಿಯಲ್ಲಿ ವಾಪಸಾಗುವ ಆಸೆ ಬೇಡ, ಅಲ್ಲಿ ದೀಪವಿಲ್ಲ. ದೋಣಿಯಲ್ಲಿ ಬರುವುದಾದರೆ ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. ನೀರಿಗಿಳಿಯುವಾಗ ಜೀವರಕ್ಷಕರ ಮಾತೇ ಕೊನೆ. ಬಂಡೆಗಳ ಹತ್ತಿರ ಈಜುವುದು ಬೇಡವೇ ಬೇಡ, ಅಲೆ ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ.

7. ಒಂದು ದಿನವನ್ನು ತದಡಿಗೆ ಇಡಿ. ಊರಿನಿಂದ ಬಸ್ಸಿದೆ. ತದಡಿಯಲ್ಲಿ ಬಾರ್ಜ್ ಹತ್ತಿದರೆ ಅಘನಾಶಿನಿ ನದಿಯ ಆಚೆ ದಡ. ಬೈಕುಗಳ ನಡುವೆ, ಮೀನಿನ ಬುಟ್ಟಿಗಳ ಪಕ್ಕ ನಿಂತೇ ದಾಟಬೇಕು. ಇಳಿತದ ಹೊತ್ತಿಗೆ ಹೋದರೆ ನದಿ ನಡುವಿನ ದಿಬ್ಬಗಳು ಮೇಲೆದ್ದಿರುತ್ತವೆ. ಜನ ಸೊಂಟದ ಮಟ್ಟದ ನೀರಿನಲ್ಲಿ ಬಾಗಿ, ಕೆಸರಿನೊಳಗೆ ಕೈಯಾಡಿಸಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಾರೆ. ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದ. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತವನ್ನು ಮಳೆಗಾಲದಲ್ಲಿ ಬಿತ್ತುತ್ತಾರೆ. ಗೋಕರ್ಣಕ್ಕೆ ಬಂದವರಲ್ಲಿ ಹೆಚ್ಚಿನವರು ಈ ನದಿಯನ್ನು ನೋಡದೆ ಹೋಗುತ್ತಾರೆ ಎಂಬುದು ನನ್ನ ಕೊರಗು. ಉಬ್ಬರ ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಮುಂದಕ್ಕೆ ಹೋಗುತ್ತಿರುತ್ತದೆ. ಹಿಂದಿನ ಸಂಜೆ ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ. ಕೊನೆಯ ಬಾರ್ಜ್ ಎಷ್ಟಕ್ಕೆಂದು ಹತ್ತುವಾಗಲೇ ವಿಚಾರಿಸಿ. ವಾಪಸು ಬರುವುದು ಬೇಡವೆಂದರೆ ಆ ದಡದಿಂದ ಕುಮಟಾ ಹತ್ತಿರ, ಅಲ್ಲಿಂದಲೇ ಊರಿಗೆ ಗಾಡಿ ಹಿಡಿಯಬಹುದು.

8. ಮರಳುವ ಟಿಕೆಟನ್ನು ಮೊದಲು ತೆಗೆಯಿರಿ. ಭಾನುವಾರ ರಾತ್ರಿಯ ಬೆಂಗಳೂರು ಬಸ್ಸುಗಳು ಬೇಗ ಭರ್ತಿಯಾಗುತ್ತವೆ. ಸಂಜೆಯ ರೈಲಿಗೆ ಹೋಗುವವರು ಊರಿನಿಂದ ಒಂದು ಗಂಟೆ ಮುಂಚೆ ಹೊರಡಿ. ಹೊರಡುವ ಹೊತ್ತಿಗೆ ರಿಕ್ಷಾ ಹುಡುಕುವ ಬದಲು, ಬಂದ ದಿನ ಕರೆತಂದವರ ನಂಬರನ್ನೇ ಬರೆದಿಟ್ಟುಕೊಂಡು ಮಧ್ಯಾಹ್ನವೇ ಹೇಳಿಡಿ.