ಗಂಡಿನ ಬಣ್ಣ ತೊಟ್ಟ ಹೆಣ್ಣು ಹಕ್ಕಿ

ಹಕ್ಕಿಗಳಲ್ಲಿ ಗಂಡಿಗೇಕೆ ಬಣ್ಣ ಹೆಚ್ಚು ಎಂದು ಕೇಳಿದರೆ ನವಿಲನ್ನು ನೆನೆದು, ‘ಹೆಣ್ಣನ್ನು ಆಕರ್ಷಿಸಲು’ ಎಂದು ಉತ್ತರಿಸುತ್ತೇವೆ. ಹಾಗಾದರೆ ಹೆಣ್ಣು ಹಕ್ಕಿಯೇ ಗಂಡಿನ ಬಣ್ಣ ತೊಟ್ಟರೆ? ಜೀವಶಾಸ್ತ್ರದ ವಿದ್ಯಾರ್ಥಿನಿಯಾಗಿ ನನ್ನನ್ನು ತುಂಬ ಯೋಚನೆಗೆ ಹಚ್ಚಿದ ಅಂಥ ಹಕ್ಕಿಯೊಂದನ್ನು ಇಲ್ಲಿ ಪರಿಚಯಿಸುತ್ತೇನೆ.

ಅದರ ಹೆಸರು ವೈಟ್-ನೆಕ್ಡ್ ಜಾಕೋಬಿನ್. ಇದೊಂದು ಹಮ್ಮಿಂಗ್‌ಬರ್ಡ್. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ನಮ್ಮ ದಾಸವಾಳದ ಗಿಡಕ್ಕೆ ಬರುವ ಸೂರಕ್ಕಿ ಬೇರೆಯೇ ಕುಟುಂಬದ್ದು. ಎರಡೂ ಮಕರಂದ ಹೀರುವುದರಿಂದ ಕೊಕ್ಕುಗಳಲ್ಲಿ ಹೋಲಿಕೆ ಇದೆ.

ರೂಪ ಮತ್ತು ನೆಲೆ

ಉದ್ದ ಸುಮಾರು 12 ಸೆಂ.ಮೀ., ತೂಕ ಹತ್ತು ಗ್ರಾಂಗಿಂತ ಕಡಿಮೆ. ಗಂಡಿಗೆ ಹೊಳೆಯುವ ನೀಲಿ ತಲೆ, ಹಸಿರು ಬೆನ್ನು, ಕತ್ತಿನ ಹಿಂದೆ ಬಿಳಿ ಪಟ್ಟಿ, ಬಿಳಿ ಹೊಟ್ಟೆ ಮತ್ತು ಬಿಳಿ ಬಾಲ. ಸಾಮಾನ್ಯ ಹೆಣ್ಣಿಗೆ ಹಸಿರು ಬೆನ್ನು, ಗಂಟಲ ಮೇಲೆ ಮೀನಿನ ಹುರುಪೆಯಂಥ ಗುರುತು. ಮೆಕ್ಸಿಕೋದಿಂದ ಬೊಲಿವಿಯಾ, ಬ್ರೆಜಿಲ್‌ವರೆಗಿನ ತೇವಭರಿತ ಕಾಡುಗಳಲ್ಲಿ, ಹೆಚ್ಚಾಗಿ ಮರಗಳ ತುದಿಯಲ್ಲಿ ಇದರ ವಾಸ. ಆಹಾರ ಮಕರಂದ ಮತ್ತು ಸಣ್ಣ ಕೀಟಗಳು.

ಒಗಟು

ಪನಾಮಾ ದೇಶದ ಗಾಂಬೋವಾದಲ್ಲಿ ಜೇ ಫಾಕ್ ಮತ್ತು ಸಂಗಡಿಗರು ಈ ಹಕ್ಕಿಗಳನ್ನು ಹಿಡಿದು, ಪರೀಕ್ಷಿಸಿ ಬಿಟ್ಟರು. ಎಳೆಯ ಹಕ್ಕಿಗಳೆಲ್ಲ, ಹೆಣ್ಣುಗಳೂ ಸೇರಿ, ಗಂಡಿನ ಬಣ್ಣದಲ್ಲಿದ್ದವು! ಬೆಳೆದಂತೆ ಹೆಚ್ಚಿನ ಹೆಣ್ಣುಗಳು ಆ ಬಣ್ಣ ಕಳೆದುಕೊಳ್ಳುತ್ತವೆ. ಸುಮಾರು ಐದರಲ್ಲಿ ಒಂದು ಮಾತ್ರ ಉಳಿಸಿಕೊಳ್ಳುತ್ತದೆ. ಬಣ್ಣ ಸಂಗಾತಿಗಾಗಿ ಎಂದಾದರೆ, ಸಂಗಾತಿಯ ಅಗತ್ಯವೇ ಇಲ್ಲದ ಎಳೆ ವಯಸ್ಸಿನಲ್ಲಿ ಅದೇಕೆ?

ಪರೀಕ್ಷೆ

ಸಂಶೋಧಕರು ಸಿಹಿನೀರಿನ ಪಾತ್ರೆಗಳ ಬಳಿ ಮೂರು ಬಗೆಯ ಗೊಂಬೆ ಹಕ್ಕಿಗಳನ್ನು ಇಟ್ಟರು: ಗಂಡು, ಸಾಮಾನ್ಯ ಹೆಣ್ಣು, ಗಂಡಿನ ಬಣ್ಣದ ಹೆಣ್ಣು. ಗಂಡುಗಳು ಹೆಚ್ಚಾಗಿ ಒಲಿದು ಬಂದದ್ದು ಸಾಮಾನ್ಯ ಹೆಣ್ಣಿನ ಬಳಿಗೇ. ಅಂದರೆ ಹೆಣ್ಣಿನ ಮೇಲಿನ ಈ ಬಣ್ಣ ಸಂಗಾತಿಯನ್ನು ಸೆಳೆಯಲು ಅಲ್ಲ.

ನಂತರ ಜೀವಂತ ಹಕ್ಕಿಗಳಿಗೆ ಪುಟ್ಟ ಎಲೆಕ್ಟ್ರಾನಿಕ್ ಟ್ಯಾಗ್ ಹಾಕಿ, ಅವು ಆಹಾರಕ್ಕೆ ಬಂದುಹೋಗುವುದನ್ನು ದಾಖಲಿಸಿದರು. ಗಂಡಿನ ಬಣ್ಣದ ಹೆಣ್ಣುಗಳು ಸಾಮಾನ್ಯ ಹೆಣ್ಣುಗಳಿಗಿಂತ ಹೆಚ್ಚು ಸಲ ಬಂದು, ಹೆಚ್ಚು ಹೊತ್ತು ಕುಡಿದವು. ಕಾರಣ, ಜಗಳಗಂಟ ಗಂಡುಗಳು ಅಟ್ಟಿಸಿಕೊಂಡು ಹೋಗಿ ಕಾಡುವುದು ಸಾಮಾನ್ಯ ಹೆಣ್ಣುಗಳನ್ನೇ ಹೆಚ್ಚು. ಗಾಳಿಯಲ್ಲಿ ನಿಂತು ಹಾರಲು ಅಪಾರ ಶಕ್ತಿ ಸುಡುವ ಹಕ್ಕಿಗೆ ನೆಮ್ಮದಿಯ ನಾಲ್ಕು ಗುಟುಕು ಸಣ್ಣ ಲಾಭವಲ್ಲ. ಈ ಅಧ್ಯಯನ 2021ರಲ್ಲಿ ಪ್ರಕಟವಾಯಿತು.

ಗೆಳೆಯರೇ, ನನಗೆ ಇಲ್ಲಿ ಹಕ್ಕಿಯಷ್ಟೇ ಇಷ್ಟವಾದದ್ದು ಉತ್ತರ ಹುಡುಕಿದ ದಾರಿ. ಒಂದು ಪ್ರಶ್ನೆ, ಎರಡು ಊಹೆ, ಎರಡನ್ನೂ ಬೇರ್ಪಡಿಸುವ ಪರೀಕ್ಷೆ. ಕಾಲೇಜಿನ ಹೂಗಿಡಕ್ಕೆ ಸೂರಕ್ಕಿ ಬಂದಾಗ ನೀವೂ ಪುಸ್ತಕ ಹಿಡಿದು ಗಮನಿಸಿ: ಯಾವುದು ಯಾವುದನ್ನು ಓಡಿಸುತ್ತದೆ, ಎಷ್ಟು ಹೊತ್ತು ಕುಡಿಯುತ್ತದೆ? ಬರೆದಿಟ್ಟರೆ ಅದೂ ವಿಜ್ಞಾನವೇ.